ಎತ್ತರದ ಗಾಡಿಗೆ ಎಷ್ಟೆತ್ತರದ ಜಾಕು?

ಬೆಳಗಿನ ಆರೂವರೆಗೆ ಅಕ್ಕನ ಫೋನ್ ಬಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಆವತ್ತಿನ ಸುದ್ದಿ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ‘ನಿನ್ನ ಸೋದರಳಿಯ ಅಲ್ಲಿ ರಸ್ತೇಲಿ ನಿಂತಿದ್ದಾನೆ ಕಣೋ. ಟೈರು ಪಂಕ್ಚರ್ ಅಂತೆ. ಎಷ್ಟು ಜಾಕು ಹೊಡೆದರೂ ಗಾಡಿ ಮೇಲೇಳ್ತಿಲ್ಲ ಅಂತಾನೆ. ನೀನು ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ್ದೀಯಲ್ಲ, ಅವನ ಹತ್ತಿರ ಸ್ವಲ್ಪ ಮಾತಾಡು’ ಎಂದಳು.

ಅವಳ ಮಗ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿ ಅದಿನ್ನೂ ಹಿಂದಿನ ದಿನದ ಸಂಜೆ ಏಳು ಗಂಟೆ. ಓದು ಮುಗಿಸಿ ಊರು ಬಿಡುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಅಗ್ಗಕ್ಕೆ ಕೊಟ್ಟನೆಂದು ಈತ ಒಂದು ಹಳೆಯ ಪಿಕಪ್ ಟ್ರಕ್ ಕೊಂಡಿದ್ದ. ಬರೀ ಪಿಕಪ್ ಅಲ್ಲ, ‘ಲಿಫ್ಟ್’ ಮಾಡಿಸಿದ ಪಿಕಪ್. ಎಂದರೆ ಕಂಪನಿಯಿಂದ ಬಂದ ಎತ್ತರ ಸಾಲದೆಂದು ಸಸ್ಪೆನ್ಷನ್ ಏರಿಸಿ, ದೈತ್ಯ ಟೈರು ಹಾಕಿಸಿದ ಗಾಡಿ. ಕಲ್ಲು, ಹಳ್ಳ, ಹಿಮ ದಾಟಲು ಹೊಟ್ಟೆಯಡಿ ಹೆಚ್ಚು ಜಾಗ ಸಿಗುತ್ತದೆ ಎಂಬುದು ಒಂದು ಕಾರಣ. ನೋಡುವವರ ಕಣ್ಣಿಗೆ ಗತ್ತಾಗಿ ಕಾಣುತ್ತದೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದಿರಬೇಕೆಂದು ನನ್ನ ಗುಮಾನಿ.

ವಿಡಿಯೊದಲ್ಲಿ ಕಂಡ ದೃಶ್ಯ ಹೀಗಿತ್ತು: ರಸ್ತೆಬದಿಯ ಜಲ್ಲಿಯ ಮೇಲೆ ಎರಡು ಚಪ್ಪಡಿ ಕಲ್ಲು ಪೇರಿಸಿದ್ದಾನೆ. ಅದರ ಮೇಲೆ ಗಾಡಿಯ ಜೊತೆಗೇ ಬಂದ ಪುಟ್ಟ ಕತ್ತರಿ ಜಾಕು. ಜಾಕು ತನ್ನ ಶಕ್ತಿಮೀರಿ ಮೇಲೆದ್ದು ಚಾಸಿಗೆ ತಲೆ ಕೊಟ್ಟು ನಿಂತಿದೆ. ಹಿಂದಿನ ಟೈರು ಮಾತ್ರ ನೆಲ ಬಿಟ್ಟು ಅಲ್ಲಾಡಿಲ್ಲ. ‘ಒಂದ್ನಿಮಿಷ ಮಾವ, ಒಳಗೆ ನುಗ್ಗಿ ಎಲ್ಲಿ ಸಿಕ್ಕಿಕೊಂಡಿದೆ ನೋಡ್ತೀನಿ’ ಎಂದು ಹುಡುಗ ಅಂಗಾತ ಮಲಗಿದ.

‘ತಲೆ ಹೊರಗೆ ತೆಗಿಯೋ ಮೊದಲು!’ ಎಂದು ನಾನು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ನನ್ನವಳು ಓಡಿಬಂದಳು.

ಆವತ್ತು ಅವನು ಟೋಯಿಂಗ್ ಗಾಡಿ ಕರೆಸಿಕೊಂಡು ಮನೆ ಸೇರಿದ. ಖರ್ಚಿನ ಲೆಕ್ಕ ಕೇಳಿ ಅಕ್ಕ, ‘ಅದಕ್ಕಿಂತ ಕಡಿಮೆಗೆ ಒಳ್ಳೇ ಜಾಕೇ ಬರುತ್ತಿತ್ತಲ್ಲೋ. ಯಾವ ಜಾಕು ತಗೋಬೇಕು ಅಂತ ನೀನಾದರೂ ಹೇಳು’ ಎಂದಳು. ನಾನು ಹೇಳುವುದಕ್ಕೆ ಮುಂಚೆ ಒಂದು ಅಳತೆಯ ಟೇಪು ತೆಗೆದುಕೊಳ್ಳುವಂತೆ ಅಳಿಯನಿಗೆ ತಿಳಿಸಿದೆ.

ಏರಿದ್ದು ಯಾವುದು?

ಗಾಡಿ ಎತ್ತರವಾಯಿತು ಎಂದರೆ ಅದರ ಎಲ್ಲ ಭಾಗವೂ ಅಷ್ಟೇ ಎತ್ತರವಾಯಿತು ಎಂದು ನಾವು ಭಾವಿಸುತ್ತೇವೆ. ಅಲ್ಲೇ ಎಡವುವುದು. ಲಿಫ್ಟ್ ಮಾಡುವುದರಲ್ಲಿ ಬೇರೆ ಬೇರೆ ಬಗೆಗಳಿವೆ. ಚಾಸಿಗೂ ಬಾಡಿಗೂ ನಡುವೆ ದಿಮ್ಮಿಗಳನ್ನಿಟ್ಟು ಬಾಡಿಯನ್ನಷ್ಟೇ ಏರಿಸುವುದು ಒಂದು. ಅದರಲ್ಲಿ ಚಾಸಿ, ಆಕ್ಸಲ್ ಎಲ್ಲ ಇದ್ದಲ್ಲೇ ಇರುತ್ತವೆ. ಸ್ಪ್ರಿಂಗು, ಬ್ರಾಕೆಟ್ಟು ಬದಲಿಸಿ ಚಾಸಿ ಸಮೇತ ಏರಿಸುವುದು ಇನ್ನೊಂದು. ಅದರಲ್ಲೂ ಆಕ್ಸಲ್ ಏರುವುದಿಲ್ಲ. ಆಕ್ಸಲನ್ನು ನೆಲದಿಂದ ಮೇಲಕ್ಕೆತ್ತುವುದು ಟೈರಿನ ಗಾತ್ರವೊಂದೇ.

ಇದನ್ನು ಲೆಕ್ಕದಲ್ಲೇ ನೋಡಬಹುದು. ಅಳಿಯನ ಗಾಡಿಗೆ ಮೊದಲಿದ್ದ ಟೈರಿನ ಮೇಲೆ 265/70 ಆರ್ 17 ಎಂದು ಬರೆದಿರುತ್ತಿತ್ತು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ಶೇಕಡ 70 ಎಂದರೆ 185.5 ಮಿ.ಮೀ. ಟೈರಿನ ಪಕ್ಕೆಯ ಎತ್ತರ. ಮೇಲೊಂದು ಕೆಳಗೊಂದು, ಒಟ್ಟು 371 ಮಿ.ಮೀ. ಅದಕ್ಕೆ 17 ಅಂಗುಲದ ರಿಮ್ಮು, ಅಂದರೆ 432 ಮಿ.ಮೀ. ಕೂಡಿಸಿದರೆ 803. ಸುಮಾರು 31.6 ಅಂಗುಲ ವ್ಯಾಸ. ಈಗ ಹಾಕಿರುವುದು 35 ಅಂಗುಲದ ಟೈರು. ವ್ಯಾಸದಲ್ಲಿ 3.4 ಅಂಗುಲ ಹೆಚ್ಚು. ಆದರೆ ಆಕ್ಸಲ್ ಇರುವುದು ಚಕ್ರದ ನಡುಮಧ್ಯದಲ್ಲಿ, ಆದ್ದರಿಂದ ಅದು ಏರಿದ್ದು ಇದರ ಅರ್ಧ, 1.7 ಅಂಗುಲ ಮಾತ್ರ. ಸಸ್ಪೆನ್ಷನ್ ಲಿಫ್ಟು 4 ಅಂಗುಲ. ಹೀಗಾಗಿ ಚಾಸಿ ಏರಿದ್ದು 5.7 ಅಂಗುಲ. ಜಾಕು ಕೊಡಬೇಕಾದ ಆಕ್ಸಲ್ ಏರಿದ್ದು ಎರಡು ಬೆರಳಗಲ ದಾಟಿದರೆ ಹೆಚ್ಚು.

ಚಾಸಿಗೆ ಜಾಕು ಕೊಟ್ಟರೆ ಇನ್ನೊಂದು ಅವಾಂತರವಿದೆ. ಚಾಸಿ ಮೇಲೇಳತೊಡಗಿದೊಡನೆ ಚಕ್ರ ಏಳುವುದಿಲ್ಲ. ಗಾಡಿಯ ಭಾರಕ್ಕೆ ಅದುಮಿಕೊಂಡಿದ್ದ ಸ್ಪ್ರಿಂಗು ಮೊದಲು ಸಡಿಲವಾಗಿ ಇಳಿಬೀಳಬೇಕು. ಲಿಫ್ಟ್ ಮಾಡಿಸಿದ ಗಾಡಿಯಲ್ಲಿ ಈ ಇಳಿಬೀಳುವಿಕೆ ಹಲವು ಅಂಗುಲ ಇರಬಹುದು. ಅಷ್ಟೂ ಮುಗಿದ ಮೇಲೆಯೇ ಚಕ್ರ ನೆಲ ಬಿಡುವುದು. ಅಷ್ಟರಲ್ಲಿ ಜಾಕಿನ ತುದಿ ಸೊಂಟದೆತ್ತರಕ್ಕೆ ಬಂದಿರುತ್ತದೆ, ಬುಡ ಅದೇ ಅಂಗೈಯಗಲ. ಹುಡುಗ ಹುಡುಕಲು ಹೊರಟಿದ್ದ ‘ಎಲ್ಲೋ ಸಿಕ್ಕಿಕೊಂಡಿದೆ’ ಎಂಬುದು ಇದೇ. ಏನೂ ಸಿಕ್ಕಿಕೊಂಡಿರಲಿಲ್ಲ.

ಹಿಂಬದಿ ಆಕ್ಸಲ್ ಗಟ್ಟಿ ಕೊಳವೆಯಂತಿರುವ ಗಾಡಿಗಳಲ್ಲಿ ಸ್ಪ್ರಿಂಗಿನ ಹತ್ತಿರ, ಚಕ್ರಕ್ಕೆ ಆದಷ್ಟು ಸಮೀಪದಲ್ಲಿ ಆ ಕೊಳವೆಗೇ ಜಾಕು ಕೊಡಬಹುದು. ಈಗಿನ ಪಿಕಪ್‌ಗಳ ಮುಂಬದಿಯಲ್ಲಿ ಸಾಮಾನ್ಯವಾಗಿ ಇಂಥ ಕೊಳವೆ ಇರುವುದಿಲ್ಲ. ಎಡ ಬಲ ಚಕ್ರಗಳು ಬೇರೆ ಬೇರೆ ತೋಳುಗಳ ಮೇಲೆ ನಿಂತಿರುತ್ತವೆ. ಕೆಳಗಿನ ತೋಳು ಇಳಿಜಾರಾಗಿರುವುದರಿಂದ ಜಾಕಿನ ತಲೆ ಜಾರುವ ಭಯವಿದೆ. ಎಲ್ಲಿ ಕೊಡಬೇಕೆಂದು ಗಾಡಿಯ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತದೆ. ಕೈಪಿಡಿ ಓದುವ ಅಭ್ಯಾಸ ನಮ್ಮ ಹುಡುಗರಿಗೂ ಇಲ್ಲ, ಅವರ ಅಪ್ಪಂದಿರಿಗೂ ಇಲ್ಲ.

ಟನ್ನಲ್ಲ, ಅಂಗುಲ

ಅಂಗಡಿಗೆ ಹೋದರೆ ಜಾಕಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಟನ್ನು. 2 ಟನ್, 6 ಟನ್, 12 ಟನ್. ಭಾರಿ ಗಾಡಿಗೆ ಭಾರಿ ಟನ್ನು ಎಂದುಕೊಂಡು ಕೊಳ್ಳುವವರೇ ಹೆಚ್ಚು. ಖಾಲಿ ಪಿಕಪ್ 2,200 ಕಿಲೊ ಎಂದಿಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಭಾರದ ಶೇಕಡ 58ರಷ್ಟು ಮುಂದೆ ಬಿದ್ದರೆ, ಮುಂದಿನ ಒಂದು ಚಕ್ರದ ಪಾಲು ಸುಮಾರು 640 ಕಿಲೊ, ಹಿಂದಿನದರ ಪಾಲು 460 ಕಿಲೊ. ಟೈರು ಬದಲಿಸುವಾಗ ನಾವು ಎತ್ತುವುದು ಒಂದು ಮೂಲೆಯನ್ನು, ಇಡೀ ಗಾಡಿಯನ್ನಲ್ಲ. ಹಿಂದೆ ಸಾಮಾನು ತುಂಬಿದ್ದರೆ ಅಷ್ಟು ಸೇರಿಸಿಕೊಳ್ಳಬೇಕು. ಆದರೂ 3 ಟನ್ನಿನ ಒಳ್ಳೆಯ ಜಾಕು ಭಾರದ ದೃಷ್ಟಿಯಿಂದ ಧಾರಾಳವಾಯಿತು. (ಅಮೆರಿಕದ ಟನ್ನೆಂದರೆ 2,000 ಪೌಂಡು, ನಮ್ಮ ಲೆಕ್ಕದಲ್ಲಿ 907 ಕಿಲೊ. ಅಲ್ಲಿ ಕೊಳ್ಳುವವರು ಇದನ್ನು ಮರೆಯಬಾರದು.)

ನೋಡಬೇಕಾದ್ದು ಸಣ್ಣಕ್ಷರದಲ್ಲಿರುವ ಎರಡು ಅಂಕಿಗಳನ್ನು. ಪೂರ್ತಿ ಇಳಿಸಿದಾಗ ಜಾಕಿನ ಎತ್ತರ ಎಷ್ಟು? ಪೂರ್ತಿ ಏರಿಸಿದಾಗ ಎಷ್ಟು? ಮೊದಲನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಟೈರಿನ ಗಾಳಿ ಹೋದಾಗ ಆಕ್ಸಲ್ ಕೆಳಗೆ ಕುಸಿದಿರುತ್ತದೆ, ದೊಡ್ಡ ಟೈರಾದರೆ ಹೆಚ್ಚು ಕುಸಿಯುತ್ತದೆ. ಎತ್ತರದ ಗಾಡಿಗೆಂದು ಎತ್ತರದ ಜಾಕು ತಂದವನಿಗೆ ಅದು ಆಕ್ಸಲಿನ ಕೆಳಗೆ ತೂರುವುದೇ ಇಲ್ಲ. ತೂರಿತು ಅನ್ನಿ, ಮೇಲೆ ಎತ್ತಬೇಕಾದ್ದು ಹಳೆಯ ಟೈರು ಬಿಡುವಷ್ಟಲ್ಲ, ಗಾಳಿ ತುಂಬಿದ ಸ್ಟೆಪ್ನಿ ಕೂರುವಷ್ಟು.

ಅಳಿಯ ಟೇಪು ಹಿಡಿದು ಕಳಿಸಿದ ಅಳತೆ ಇದು: ಗಾಳಿಯಿದ್ದಾಗ ಹಿಂದಿನ ಆಕ್ಸಲ್ ಕೊಳವೆಯ ತಳ ನೆಲದಿಂದ 15 ಅಂಗುಲ. ಗಾಳಿ ಪೂರ್ತಿ ಹೋದಾಗ 11 ಅಂಗುಲ. ಸ್ಟೆಪ್ನಿ ಸರಾಗವಾಗಿ ಕೂರಲು ಮೇಲೆರಡು ಅಂಗುಲ ಬೇಕೆಂದರೆ 17. ಹಾಗಾದರೆ ಬೇಕಾದ್ದು 11ರೊಳಗೆ ತೂರುವ, 17ಕ್ಕೆ ಮುಟ್ಟುವ ಜಾಕು. ಅವನ ಊರಿನ ಅಂಗಡಿಯಲ್ಲಿ ಸಿಕ್ಕ 6 ಟನ್ನಿನ ಬಾಟಲ್ ಜಾಕು ಇಳಿಸಿದಾಗ ಎಂಟೂವರೆ ಅಂಗುಲ, ತಲೆಯ ಸ್ಕ್ರೂ ಸಮೇತ ಏರಿಸಿದಾಗ 16. ‘ಒಂದಂಗುಲ ಸಾಲಲ್ಲ ಮಾವ’ ಎಂದ. ಅದರಡಿ ಎರಡಂಗುಲ ದಪ್ಪದ ಮರದ ಹಲಗೆ ಇಡು ಎಂದೆ. ಆಗ ಹತ್ತೂವರೆಯಿಂದ 18. ಎರಡೂ ಕಡೆ ಸರಿಹೋಯಿತು. 6 ಟನ್ ಅವನಿಗೆ ಬೇಕಿದ್ದದ್ದು ಭಾರಕ್ಕಲ್ಲ; ಅವನ ಅಂಗಡಿಯಲ್ಲಿ ಆ ಎತ್ತರ ಸಿಕ್ಕಿದ್ದು ಅದರಲ್ಲಿ.

ಹಲಗೆ ಎತ್ತರಕ್ಕಷ್ಟೇ ಅಲ್ಲ. ಬಾಟಲ್ ಜಾಕಿನ ಬುಡ 11 ಸೆಂ.ಮೀ. ಚೌಕ, ಅಂದರೆ ಸುಮಾರು 120 ಚದರ ಸೆಂ.ಮೀ. ಎಂದುಕೊಂಡರೆ 640 ಕಿಲೊ ಭಾರಕ್ಕೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಐದು ಕಿಲೊಗೂ ಹೆಚ್ಚು ಬೀಳುತ್ತದೆ. ಮಳೆ ಬಿದ್ದ ಮಣ್ಣಿನಲ್ಲಿ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಭೂಮಿಯೊಳಗೆ ಇಳಿಯುತ್ತದೆ. 30 ಸೆಂ.ಮೀ. ಚೌಕದ ಹಲಗೆ ಹಾಕಿದರೆ ಅದೇ ಭಾರ 900 ಚದರ ಸೆಂ.ಮೀ.ಗೆ ಹಂಚಿಹೋಗಿ 0.7 ಕಿಲೊಗೆ ಇಳಿಯುತ್ತದೆ. ನಾವು ಒಂಟಿ ಕಾಲಲ್ಲಿ ನಿಂತಾಗ ನೆಲಕ್ಕೆ ಕೊಡುವ ಒತ್ತಡ ಇದಕ್ಕೆ ಹತ್ತಿರದ್ದೇ. ಮನುಷ್ಯ ನಡೆಯಬಲ್ಲ ನೆಲದ ಮೇಲೆ ಹಲಗೆಯಿಟ್ಟು ಜಾಕು ಹೊಡೆಯಬಹುದು ಎಂದು ಸ್ಥೂಲವಾಗಿ ಹೇಳಬಹುದು. ಹಲಗೆ ಮಾತ್ರ ಬಾಗದಷ್ಟು ದಪ್ಪವಿರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು, ಅಳಿಯ ಪೇರಿಸಿದಂಥ ಕಲ್ಲು ಬೇಡವೇ ಬೇಡ. ಮರ ಮುರಿಯುವ ಮೊದಲು ಬಾಗಿ, ಕಿರುಗುಟ್ಟಿ ಸೂಚನೆ ಕೊಡುತ್ತದೆ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಜಾಕುಗಳ ಜಾತಿ

ಕಾರಿನ ಡಿಕ್ಕಿಯಲ್ಲಿ ಸಿಗುವ ಕತ್ತರಿ ಜಾಕು ಸ್ಕ್ರೂವಿನ ಬಲದಿಂದ ಏಳುತ್ತದೆ. ನಾವು ಹಾಕುವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಘರ್ಷಣೆಗೇ ಹೋಗುತ್ತದೆ. ಇದು ನಷ್ಟವೆನ್ನಬೇಡಿ. ಅದೇ ಘರ್ಷಣೆಯಿಂದಾಗಿ ಕೈಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಆದರೆ ಎತ್ತರಕ್ಕೆ ಹೋದಂತೆ ಕತ್ತರಿ ಸಪೂರವಾಗಿ ತೂರಾಡುತ್ತದೆ. ಏರಿಸಿದ ಗಾಡಿಗೆ ಇದು ಸಲ್ಲದು.

ಬಾಟಲ್ ಜಾಕಿನೊಳಗಿರುವುದು ಶಾಲೆಯಲ್ಲಿ ಓದಿದ ಪಾಸ್ಕಲ್‌ನ ನಿಯಮ. ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮವಾಗಿ ಹರಡುತ್ತದೆ. ಬ್ಲೇಸ್ ಪಾಸ್ಕಲ್ ಇದನ್ನು ವಿವರಿಸಿದ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಅದರಿಂದ ಯಂತ್ರ ಮಾಡಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, 1795ರಲ್ಲಿ. ಈತ ಬೀಗ ಮಾಡುವುದರಲ್ಲೂ ಹೆಸರುವಾಸಿ. ಅವನ ಒಂದು ಬೀಗವನ್ನು 1851ರವರೆಗೆ ಯಾರಿಂದಲೂ ಕೀಲಿಯಿಲ್ಲದೆ ತೆರೆಯಲಾಗಲಿಲ್ಲ.

ವಿದ್ಯಾರ್ಥಿಗಳು ಈ ಲೆಕ್ಕ ಹಾಕಿ ನೋಡಲಿ. ಚಿಕ್ಕ ಪಿಸ್ಟನ್ನಿನ ವ್ಯಾಸ 1 ಸೆಂ.ಮೀ., ದೊಡ್ಡದರದು 4 ಸೆಂ.ಮೀ. ಆದರೆ ವಿಸ್ತೀರ್ಣದಲ್ಲಿ 16 ಪಟ್ಟು ಅಂತರ. ಹಿಡಿಕೆ ಸನ್ನೆಕೋಲಿನಂತೆ ಕೆಲಸ ಮಾಡಿ 20 ಪಟ್ಟು ಕೊಟ್ಟರೆ ಒಟ್ಟು 320 ಪಟ್ಟು. ಘರ್ಷಣೆ ಬಿಟ್ಟು ನೋಡಿದರೆ 640 ಕಿಲೊ ಎತ್ತಲು ಎರಡು ಕಿಲೊ ಸಕ್ಕರೆ ಎತ್ತುವಷ್ಟು ಬಲ ಸಾಕು. ಪುಕ್ಕಟೆ ಸಿಕ್ಕಿತೇ? ಇಲ್ಲ. ಚಿಕ್ಕ ಪಿಸ್ಟನ್ 3 ಸೆಂ.ಮೀ. ಇಳಿದಾಗ ದೊಡ್ಡದು ಏರುವುದು 2 ಮಿ.ಮೀ.ಗೂ ಕಡಿಮೆ. 12 ಸೆಂ.ಮೀ. ಏರಿಸಲು 64 ಸಲ ಹಿಡಿಕೆ ಒತ್ತಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕಾಯಿತು.

ಬ್ರಾಮಾನ ಯಂತ್ರಕ್ಕೆ ಮೊದಲು ಕಾಡಿದ್ದು ಪಿಸ್ಟನ್ನಿನ ಸಂದಿಯಲ್ಲಿ ಸೋರಿಕೆ. ಇವತ್ತಿನ ಜಾಕಿನಲ್ಲೂ ನೂರಾರು ಕಿಲೊ ಭಾರವನ್ನು ತಡೆದಿರುವುದು ಒಳಗಿನ ಎಣ್ಣೆ ಮತ್ತು ಒಂದು ಸಣ್ಣ ಉಂಗುರದಂಥ ಸೀಲು. ಅದು ಸವೆದರೆ ಜಾಕು ಮೆಲ್ಲಗೆ, ಕೆಲವೊಮ್ಮೆ ಒಮ್ಮೆಲೇ ಇಳಿಯುತ್ತದೆ. ಜಾಕು ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಗಾಡಿಯಡಿ ಕೆಲಸವಿದ್ದರೆ ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಲ್ಲು ಸರಿಯಾಗಿ ಕಚ್ಚದೆ ಜಾರಬಹುದೆಂದು ಅಮೆರಿಕದ ಒಂದು ಸಲಕರಣೆ ಮಾರಾಟ ಸಂಸ್ಥೆ 2020ರಲ್ಲಿ ಸುಮಾರು 17 ಲಕ್ಷ ಸ್ಟ್ಯಾಂಡುಗಳನ್ನು ವಾಪಸು ಕರೆಸಿಕೊಂಡಿತ್ತು.

ಗ್ಯಾರೇಜುಗಳಲ್ಲಿ ಕಾಣುವ ಚಕ್ರದ ಟ್ರಾಲಿ ಜಾಕು ಬುಡ ಅಗಲವಾದ್ದು, ಭದ್ರ. ಆದರೆ ಅದರ ತೋಳು ಕಮಾನಿನಂತೆ ಏರುವುದರಿಂದ, ಏರುತ್ತ ಏರುತ್ತ ಜಾಕು ತಾನೇ ಉರುಳಿ ಜಾಗ ಹೊಂದಿಸಿಕೊಳ್ಳಬೇಕು. ಸಿಮೆಂಟ್ ನೆಲದಲ್ಲಿ ಸರಿ, ಮಣ್ಣಿನಲ್ಲಿ ಉರುಳುವುದಿಲ್ಲ. ಹೊಗೆಕೊಳವೆಯ ಗಾಳಿಯಿಂದ ಉಬ್ಬುವ ಚೀಲದ ಜಾಕೂ ಉಂಟು. ಮರಳುಗಾಡಿನವರಿಗೆ ಅದು ಅನುಕೂಲ.

ಅಳಿಯನ ಮನಸ್ಸು ಕದ್ದಿದ್ದು ಇದಾವುದೂ ಅಲ್ಲ. ಅಲ್ಲಿನ ಎತ್ತರದ ಗಾಡಿಗಳ ಹಿಂಬದಿಗೆ ಕೋವಿಯಂತೆ ಕಟ್ಟಿಕೊಂಡಿರುವ, ನಾಲ್ಕಡಿ ಉದ್ದದ ‘ಹೈ-ಲಿಫ್ಟ್’ ಜಾಕು. ತೂತುಗಳ ಸಾಲಿರುವ ಉಕ್ಕಿನ ಕಂಬವನ್ನು ಎರಡು ಪಿನ್ನುಗಳು ಏಣಿ ಹತ್ತಿದಂತೆ ಒಂದಾದ ಮೇಲೊಂದು ಹತ್ತುತ್ತವೆ. ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಿನಲ್ಲಿ 1905ರಲ್ಲಿ ಹುಟ್ಟಿದ ಇದು ಮೂಲತಃ ರೈತನ ಸಲಕರಣೆ. ಬೇಲಿಗೂಟ ಕೀಳಲು, ದಿಮ್ಮಿ ಸರಿಸಲು, ಕೆಸರಿನಲ್ಲಿ ಹೂತ ಗಾಡಿಯನ್ನು ಎಬ್ಬಿಸಲು ಇದರ ಸಮ ಇನ್ನೊಂದಿಲ್ಲ. ಆದರೆ ಇದಕ್ಕೆ ನಾಲಿಗೆ ಕೊಡಲು ಗಟ್ಟಿ ಉಕ್ಕಿನ ಬಂಪರು ಬೇಕು. ಕಂಪನಿಯಿಂದ ಬಂದ ತೆಳು ತಗಡು, ಪ್ಲಾಸ್ಟಿಕ್ಕು ನಜ್ಜುಗುಜ್ಜಾಗುತ್ತದೆ. ಬಂಪರಿನಿಂದ ಎತ್ತುವುದೆಂದರೆ ಮತ್ತದೇ ಇಳಿಬೀಳುವ ಸ್ಪ್ರಿಂಗಿನ ಕಥೆ. ಭಾರವಿರುವಾಗ ಹಿಡಿಕೆ ಅರ್ಧದಲ್ಲಿ ಕೈತಪ್ಪಿದರೆ ಛಟೀರೆಂದು ಮೇಲೆ ಬಡಿಯುತ್ತದೆ, ದವಡೆ ಅಡ್ಡವಿದ್ದರೆ ದವಡೆಗೆ. ಹಿಡಿಕೆಗೂ ಕಂಬಕ್ಕೂ ನಡುವೆ ತಲೆ ಬಾರದಂತೆ ನಿಂತು, ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದನ್ನು ಬಲ್ಲವರಿಂದ ಕಲಿತ ಮೇಲೆ ಕೊಳ್ಳು ಎಂದೆ. ಮುಖ ಚಿಕ್ಕದು ಮಾಡಿಕೊಂಡ.

ಹ್ಯಾಂಡ್‌ಬ್ರೇಕ್ ಹಾಕಿತ್ತು

ಅಷ್ಟು ದೂರದ ಹುಡುಗನ ಮೇಲೆ ನಾನು ಕೂಗಾಡಿದ್ದಕ್ಕೆ ಕಾರಣವಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ರಜೆಗೆ ಮೂಡಿಗೆರೆ ಕಡೆಯ ನೆಂಟರ ತೋಟಕ್ಕೆ ಹೋಗಿದ್ದೆ. ಇಳಿಜಾರಿನಲ್ಲಿ ಹಳೆಯ ಜೀಪಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಚಾಲಕ ಹ್ಯಾಂಡ್‌ಬ್ರೇಕ್ ಎಳೆದು, ಜಾಕು ಕೊಟ್ಟು ಚಕ್ರ ಎತ್ತಿದ. ‘ಅಣ್ಣಾ, ಕಲ್ಲು ತರಲಾ?’ ಎಂದು ಕೇಳಿದೆ. ‘ಬ್ರೇಕ್ ಇದೆಯಲ್ಲಪ್ಪ’ ಎಂದ. ನಾನು ಸ್ಟೆಪ್ನಿ ಉರುಳಿಸಿಕೊಂಡು ಬರಲು ಎದ್ದೆ. ಹಿಂದೆ ಕರ್ ಎಂಬ ಸದ್ದು. ಜೀಪು ಮುಂದಕ್ಕೆ ಉರುಳಿ ಜಾಕಿನಿಂದ ಬಿತ್ತು, ನಾನು ಕುಳಿತಿದ್ದ ಜಾಗಕ್ಕೆ ಸರಿಯಾಗಿ. ಚಾಲಕನ ಬಲಗಾಲಿನ ಮೂರು ಬೆರಳು ಹೋದವು.

ಬ್ರೇಕ್ ಹಾಕಿದ್ದರೂ ಗಾಡಿ ಉರುಳಿದ್ದು ಹೇಗೆಂದು ನನಗೆ ತಿಳಿದದ್ದು ಡಿಪ್ಲೊಮಾ ಓದುವಾಗ. ಆ ಕಾಲದ ಅನೇಕ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದದ್ದು ಚಕ್ರವನ್ನಲ್ಲ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು. ಶಾಫ್ಟು ಮತ್ತು ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ಶಾಫ್ಟು ನಿಂತಿದ್ದರೂ ಒಂದು ಚಕ್ರ ಹಿಂದಕ್ಕೆ ತಿರುಗಿದರೆ ಇನ್ನೊಂದು ಮುಂದಕ್ಕೆ ತಿರುಗಲು ಅದು ಬಿಡುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದಾಗ ಇದು ಸಾಧ್ಯವಿಲ್ಲ. ಒಂದನ್ನು ಎತ್ತಿದ ಕೂಡಲೇ ಅದು ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನದು ಮುಂದಕ್ಕೆ ಉರುಳುತ್ತದೆ. ಗೇರಿನಲ್ಲಿ ಬಿಟ್ಟರೂ, ಆಟೊಮ್ಯಾಟಿಕ್ ಗಾಡಿಯನ್ನು ‘ಪಾರ್ಕ್’ನಲ್ಲಿ ಇಟ್ಟರೂ ಕಥೆ ಇದೇ. ಈಗಿನ ಗಾಡಿಗಳ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ, ಆ ಮಟ್ಟಿಗೆ ವಾಸಿ. ಹಿಂಚಕ್ರವೊಂದನ್ನು ಎತ್ತಿದಾಗ ಮಾತ್ರ ಇಡೀ ಗಾಡಿ ನಿಂತಿರುವುದು ಉಳಿದ ಇನ್ನೊಂದರ ಹಿಡಿತದ ಮೇಲೆ. ಹಳೆಯ ಲಾರಿ ಕ್ಲೀನರ್‌ಗಳು ಗಾಡಿ ನಿಂತೊಡನೆ ಕೆಳಗೆ ಹಾರಿ ಚಕ್ರಕ್ಕೆ ಅಡ್ಡಗಲ್ಲು ಇಡುತ್ತಿದ್ದದ್ದು ಸುಮ್ಮನೆ ಅಲ್ಲ.

ಎತ್ತರದ ಗಾಡಿಯಲ್ಲಿ ಭಾರದ ಕೇಂದ್ರವೂ ಮೇಲೇರಿರುತ್ತದೆ. ಇಳಿಜಾರಿನಲ್ಲಿ ಅದು ಜಾಕಿನಿಂದ ಜಾರುವುದೂ ಬೇಗ, ತಿರುವಿನಲ್ಲಿ ಮಗುಚುವುದೂ ಬೇಗ. ಊರಿನಲ್ಲಿ ಇಂಥ ಆಸೆ ಹೊತ್ತ ಮಕ್ಕಳಿರುವ ತಂದೆ ತಾಯಿಯರಿಗೆ ಇನ್ನೊಂದು ಮಾತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಅಮೆರಿಕದಲ್ಲಿ ಎಷ್ಟು ಎತ್ತರ ಸಲ್ಲುತ್ತದೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಅಳಿಯನಿಗೆ ಮತ್ತೆ ಎರಡು ಕೆಲಸ ಹೇಳಿದ್ದೆ. ಒಂದು, ಚಕ್ರದ ನಟ್ಟುಗಳನ್ನು ಜಾಕು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸುವುದು. ನೆಲ ಬಿಟ್ಟ ಚಕ್ರದ ನಟ್ಟಿಗೆ ಬಲ ಹಾಕಿದರೆ ಗಾಡಿಯೇ ಅಲುಗುತ್ತದೆ. ಇನ್ನೊಂದು, ಸ್ಟೆಪ್ನಿಯ ಅಳತೆ ನೋಡುವುದು. ನೋಡಿದರೆ, ಗಾಡಿಯ ಹೊಟ್ಟೆಯಡಿ ತೂಗುತ್ತಿದ್ದದ್ದು ಹಳೆಯ 31.6 ಅಂಗುಲದ್ದೇ! ಉಳಿದ ಮೂರು 35, ಇದೊಂದು ಕುಳ್ಳ. ಒಂದೇ ಆಕ್ಸಲಿನಲ್ಲಿ ಬೇರೆ ಅಳತೆಯ ಚಕ್ರ ಹಾಕಿ ದೂರ ಓಡಿಸಿದರೆ ಡಿಫರೆನ್ಷಿಯಲ್ ಬಿಡುವಿಲ್ಲದೆ ತೇಯುತ್ತದೆ. ಜಾಕು ಸರಿಯಿದ್ದಿದ್ದರೂ ಆವತ್ತು ಅವನ ಪಾಡು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

ಹೋದ ತಿಂಗಳು ಮತ್ತೊಮ್ಮೆ ಪಂಕ್ಚರ್ ಆಯಿತಂತೆ, ಈ ಸಲ ಬೆಟ್ಟದ ಮಣ್ಣುದಾರಿಯಲ್ಲಿ. ನಲವತ್ತು ನಿಮಿಷ ಹಿಡಿಯಿತು, ಯಾರನ್ನೂ ಕರೆಯಲಿಲ್ಲ ಎಂದು ಬರೆದು ಒಂದು ಚಿತ್ರ ಕಳಿಸಿದ್ದ. ಅಕ್ಕ ಅದನ್ನು ನೋಡಿ, ‘ಅಷ್ಟು ದುಡ್ಡು ಕೊಟ್ಟು ಗಾಡಿ ತಗೊಂಡು, ಸೌದೆ ತುಂಡು ಇಟ್ಕೊಂಡು ಓಡಾಡ್ತಾನಲ್ಲೋ’ ಎಂದು ನಕ್ಕಳು. ಹಲಗೆಯ ಅಂಚಿನಲ್ಲಿ ಹುಡುಗ ದಪ್ಪ ಮಸಿಯಿಂದ ಬರೆದುಕೊಂಡಿದ್ದ: 11, 17.